ವೇಗವರ್ಧಕ ಎಲ್ಲಿ ಶಾಖ ಉಳಿಸುತ್ತದೆ, ಎಲ್ಲಿ ಉಳಿಸುವುದಿಲ್ಲ

ಚಿಮಣಿಗೆ ಹೋಗುವ ಹೊಗೆಯಿಂದ ಒಂದು ಟನ್ ಇಂಗಾಲದ ಡೈಆಕ್ಸೈಡನ್ನು ಬೇರ್ಪಡಿಸಲು, ಅಮೈನ್ ಎಂಬ ಸಾರಜನಕಯುಕ್ತ ಪ್ರತ್ಯಾಮ್ಲದ ದ್ರಾವಣ ಬಳಸುವ ಸಾಮಾನ್ಯ ಘಟಕಕ್ಕೆ 3.6ರಿಂದ 4 ಗೀಗಾಜೂಲ್ ಶಾಖ ಬೇಕು. ಈ ಸಂಖ್ಯೆಯ ಭಾರ ತಿಳಿಯಬೇಕಾದರೆ ಪಕ್ಕದಲ್ಲಿ ಇನ್ನೊಂದನ್ನು ಇಟ್ಟು ನೋಡಿ. ಅದೇ ಒಂದು ಟನ್ ಅನಿಲ ಹುಟ್ಟುವಷ್ಟು ಕಲ್ಲಿದ್ದಲು ಉರಿದರೆ ಸಿಗುವ ಒಟ್ಟು ಶಾಖ ಸುಮಾರು 10.5 ಗೀಗಾಜೂಲ್. ಸುಟ್ಟು ಪಡೆದದ್ದರಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚು ಅನಿಲ ಹಿಡಿಯುವುದಕ್ಕೇ ಹೋಗುತ್ತದೆ. ಅದು ಟರ್ಬೈನಿನ ನಡುವಿನಿಂದ ತೆಗೆದ ಕಡಿಮೆ ಒತ್ತಡದ ಹಬೆ, ಹಾಗಾಗಿ ಅದರ ಬೆಲೆ ಬಾಯ್ಲರಿನ ಶಾಖದಷ್ಟಿಲ್ಲ. ಆದರೂ ವಿದ್ಯುತ್ ಕೇಂದ್ರಕ್ಕೆ ಇದು ದೊಡ್ಡ ಹೊಡೆತವೇ.

ದ್ರಾವಣಕ್ಕೆ ವೇಗವರ್ಧಕ ಸೇರಿಸಿದರೆ ಈ ಶಾಖದಲ್ಲಿ ಶೇ 20, 30, ಕೆಲವೊಮ್ಮೆ 40ರಷ್ಟು ಉಳಿಯುತ್ತದೆ ಎನ್ನುವ ಸಂಶೋಧನಾ ಲೇಖನಗಳು ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ಸಾಕಷ್ಟು ಬಂದಿವೆ. ಈ ಉಳಿತಾಯ ಎಲ್ಲಿಂದ ಬರುತ್ತದೆ, ಅದರಲ್ಲಿ ಎಷ್ಟು ನಿಜವಾದ ಘಟಕದವರೆಗೆ ಬದುಕಿ ಬರುತ್ತದೆ ಎನ್ನುವುದು ಇವತ್ತಿನ ವಿಷಯ.

ಮೊದಲು ಯಂತ್ರ. 1930ರಲ್ಲಿ ಬಾಟಮ್ಸ್ ಎಂಬವರಿಗೆ ಸಿಕ್ಕ ಪೇಟೆಂಟಿನಲ್ಲಿದ್ದ ರೂಪವೇ ಹೆಚ್ಚುಕಡಿಮೆ ಇಂದಿಗೂ ಇದೆ. ಎರಡು ಗೋಪುರಗಳು. ಅಬ್ಸಾರ್ಬರ್ ಎಂಬ ಮೊದಲನೆಯದರಲ್ಲಿ 40ರಿಂದ 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೊಗೆ ಕೆಳಗಿನಿಂದ ಏರುತ್ತದೆ, ಅಮೈನ್ ದ್ರಾವಣ ಮೇಲಿನಿಂದ ಇಳಿಯುತ್ತಾ ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುತ್ತದೆ. ತುಂಬಿದ ದ್ರಾವಣ ಶಾಖ ವಿನಿಮಯಕದ ಮೂಲಕ ಸ್ಟ್ರಿಪ್ಪರ್ ಎಂಬ ಎರಡನೆಯ ಗೋಪುರಕ್ಕೆ ಹೋಗುತ್ತದೆ. ಅದರ ತಳದಲ್ಲಿ ರೀಬಾಯ್ಲರ್ ಇದೆ. ಅಲ್ಲಿ ಸುಮಾರು 120 ಡಿಗ್ರಿಯಲ್ಲಿ, 1.8 ಬಾರ್ ಒತ್ತಡದಲ್ಲಿ ದ್ರಾವಣ ಕುದಿಯುತ್ತದೆ, ಅನಿಲ ಹೊರಬರುತ್ತದೆ, ಖಾಲಿಯಾದ ದ್ರಾವಣ ತಣಿದು ಮೊದಲ ಗೋಪುರಕ್ಕೆ ಮರಳುತ್ತದೆ. ಹೋಲಿಕೆಗೆ ಎಲ್ಲರೂ ಬಳಸುವ ದ್ರಾವಣ ತೂಕದಲ್ಲಿ ಶೇ 30ರ ಮೋನೋಎಥನಾಲ್‌ಅಮೈನ್, ಚಿಕ್ಕದಾಗಿ ಎಂಇಎ.

ಈಗ ಶಾಖದ ಲೆಕ್ಕವನ್ನು ಮೂರು ಪಾಲಾಗಿ ಒಡೆಯೋಣ. ಮುಂದಿನ ಮಾತೆಲ್ಲ ಇದರ ಮೇಲೆಯೇ ನಿಂತಿದೆ. ಒಂದನೆಯದು ರಾಸಾಯನಿಕ ಬಂಧ ಬಿಡಿಸಲು ಬೇಕಾದ ಶಾಖ. ಎಂಇಎಗೆ ಅದು ಮೋಲಿಗೆ ಸುಮಾರು 85 ಕಿಲೋಜೂಲ್, ಅಂದರೆ ಟನ್ನಿಗೆ 1.9 ಗೀಗಾಜೂಲ್. ಎರಡನೆಯದು ದ್ರಾವಣವನ್ನೇ ಬಿಸಿ ಮಾಡುವ ಶಾಖ. ಒಂದು ಕಿಲೋ ದ್ರಾವಣದಲ್ಲಿ 4.9 ಮೋಲ್ ಅಮೈನ್ ಇರುತ್ತದೆ. ಪ್ರತಿ ಮೋಲ್ ಅಮೈನ್ ಹೊತ್ತ ಅನಿಲ ಸ್ಟ್ರಿಪ್ಪರಿನಲ್ಲಿ 0.5ರಿಂದ 0.2 ಮೋಲಿಗೆ ಇಳಿದರೆ ಒಂದು ಕಿಲೋ ದ್ರಾವಣ ಬಿಟ್ಟುಕೊಡುವುದು ಬರೀ 65 ಗ್ರಾಂ. ಹಾಗಾಗಿ ಒಂದು ಟನ್ ಅನಿಲಕ್ಕೆ ಹದಿನೈದು ಟನ್ನಿಗಿಂತ ಹೆಚ್ಚು ದ್ರಾವಣ ಸುತ್ತಬೇಕು. ಶಾಖ ವಿನಿಮಯಕದಲ್ಲಿ 10 ಡಿಗ್ರಿ ಅಂತರ ಉಳಿದರೂ ಆ ಕೊರತೆ ತುಂಬಲು 0.55ರಿಂದ 0.6 ಗೀಗಾಜೂಲ್ ಹೋಗುತ್ತದೆ. ಮೂರನೆಯದು, ಇಂಗಾಲದ ಡೈಆಕ್ಸೈಡಿನ ಜೊತೆ ಗೋಪುರದ ತುದಿಯವರೆಗೆ ಹೋಗಿ ಕಂಡೆನ್ಸರಿನಲ್ಲಿ ನೀರಾಗುವ ಹಬೆ. ಅನಿಲವನ್ನು ದ್ರಾವಣದಿಂದ ಎಳೆದು ತರುವುದು ಈ ಹಬೆಯೇ, ಆದರೆ ಅದರ ಗುಪ್ತೋಷ್ಣ ತಂಪು ನೀರಿಗೆ ಹೋಗಿ ಕಳೆದುಹೋಗುತ್ತದೆ. ಇದು ಸುಮಾರು 1.2 ಗೀಗಾಜೂಲ್.

ಇವುಗಳಲ್ಲಿ ವೇಗವರ್ಧಕ ಯಾವುದನ್ನು ಮುಟ್ಟಬಲ್ಲದು? ಮೊದಲನೆಯದನ್ನು ಖಂಡಿತ ಮುಟ್ಟಲಾರದು. ಕ್ರಿಯೆಯ ಶಾಖ ಆರಂಭದ ಮತ್ತು ಅಂತ್ಯದ ಸ್ಥಿತಿಗಳಿಂದ ಮಾತ್ರ ನಿರ್ಧಾರವಾಗುತ್ತದೆ, ನಡುವಿನ ದಾರಿಯಿಂದಲ್ಲ. ವೇಗವರ್ಧಕ ಇಳಿಸುವುದು ಸಕ್ರಿಯಣ ಶಕ್ತಿಯನ್ನು. ಸಕ್ರಿಯಣ ಶಕ್ತಿ ಇಳಿದರೆ ಕ್ರಿಯೆ ಬೇಗ ಆಗುತ್ತದೆ, ಅಷ್ಟೇ. 1.9 ಗೀಗಾಜೂಲ್ 1.9 ಆಗಿಯೇ ಉಳಿಯುತ್ತದೆ. ಸಮತೋಲನವೂ ಕದಲುವುದಿಲ್ಲ. ಯಾವುದಾದರೂ ಲೇಖನ "ವೇಗವರ್ಧಕ ಬಿಡುಗಡೆಯ ಶಾಖವನ್ನೇ ಕಡಿಮೆ ಮಾಡಿತು" ಎಂದರೆ ಅಲ್ಲಿಯೇ ನಿಂತು ಪ್ರಯೋಗದ ವಿವರ ಓದಿ.

ಹಾಗಾದರೆ ವೇಗಕ್ಕೆ ಇಲ್ಲಿ ಕೆಲಸವೇ ಇಲ್ಲವೇ? ಇದೆ, ಮತ್ತು ಅದರ ರಸಾಯನಶಾಸ್ತ್ರ ಸೊಗಸಾಗಿದೆ. ಎಂಇಎ ದ್ರಾವಣದಲ್ಲಿ ಒಂದು ಇಂಗಾಲದ ಡೈಆಕ್ಸೈಡ್ ಅಣುವಿಗೆ ಎರಡು ಅಮೈನ್ ಅಣುಗಳು ಬೇಕು. ಒಂದು ಅದನ್ನು ಹಿಡಿದು ಕಾರ್ಬಮೇಟ್ ಆಗುತ್ತದೆ, ಇನ್ನೊಂದು ಹೊರಬಿದ್ದ ಪ್ರೋಟಾನನ್ನು ಹೊತ್ತುಕೊಳ್ಳುತ್ತದೆ. ಅನಿಲ ಬಿಡಬೇಕಾದರೆ ಆ ಪ್ರೋಟಾನ್ ಕಾರ್ಬಮೇಟಿನ ಸಾರಜನಕಕ್ಕೆ ಮರಳಬೇಕು. ಆಗಲೇ ಇಂಗಾಲ ಮತ್ತು ಸಾರಜನಕದ ನಡುವಿನ ಬಂಧ ಸಡಿಲವಾಗುವುದು. ಆದರೆ ಪ್ರೋಟಾನ್ ಹೊತ್ತ ಅಮೈನ್ ಅದನ್ನು ಸುಲಭಕ್ಕೆ ಬಿಡುವುದಿಲ್ಲ. ಪ್ರೋಟಾನನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತದೆ ಎನ್ನುವುದರ ಅಳತೆಯಾದ ಪಿಕೆಎ, ಎಂಇಎಗೆ 25 ಡಿಗ್ರಿಯಲ್ಲಿ 9.5. ನೀರು ದುರ್ಬಲ ಪ್ರತ್ಯಾಮ್ಲ, ಪ್ರೋಟಾನನ್ನು ಕಿತ್ತುಕೊಳ್ಳುವ ತಾಕತ್ತು ಅದಕ್ಕೆ ಕಡಿಮೆ. ಆದ್ದರಿಂದಲೇ ದ್ರಾವಣವನ್ನು ಅಷ್ಟು ಬಿಸಿ ಮಾಡಬೇಕಾಗಿದೆ.

ಘನ ಆಮ್ಲಗಳು ಈ ಸಾಗಣೆಗೆ ಇನ್ನೊಂದು ದಾರಿ ತೆರೆಯುತ್ತವೆ. ಎಚ್‌ಜೆಡ್‌ಎಸ್‌ಎಂ-5 ಎಂಬ ಜಿಯೋಲೈಟ್ (ಸೂಕ್ಷ್ಮ ರಂಧ್ರಗಳ ಅಲ್ಯುಮಿನೋಸಿಲಿಕೇಟ್) ತನ್ನ ಮೇಲ್ಮೈಯ ಪ್ರೋಟಾನನ್ನು ಕಾರ್ಬಮೇಟಿಗೆ ಕೊಟ್ಟು, ಅಮೈನಿನಿಂದ ಇನ್ನೊಂದನ್ನು ಪಡೆದು ಮೊದಲಿನಂತಾಗುತ್ತದೆ ಎನ್ನುವುದು ವಿವರಣೆ. ಗಾಮಾ ಅಲ್ಯೂಮಿನಾದ ಮೇಲ್ಮೈಯಲ್ಲಿ ಆಮ್ಲದ ತಾಣಗಳೂ ಇವೆ, ಪ್ರತ್ಯಾಮ್ಲದ ತಾಣಗಳೂ ಇವೆ. ಹೆಚ್ಚು ತುಂಬಿದ ದ್ರಾವಣದಲ್ಲಿ ಬೈಕಾರ್ಬೊನೇಟ್ ಅಯಾನು ಪ್ರೋಟಾನ್ ಸ್ವೀಕರಿಸುವ ಕೆಲಸ ಮಾಡುತ್ತದೆ. ದ್ರಾವಣ ಖಾಲಿಯಾಗುತ್ತ ಬಂದಂತೆ ಅದು ತೀರಿಹೋಗುತ್ತದೆ, ಆಗ ಅಲ್ಯೂಮಿನಾ ಅದರ ಜಾಗ ತುಂಬುತ್ತದೆ. ಕೆನಡಾದ ರೆಜೈನಾ ವಿಶ್ವವಿದ್ಯಾಲಯದ ತಂಡ ಈ ಎರಡು ವಸ್ತುಗಳ ಮೇಲೆ ಮಾಡಿದ ಕೆಲಸದಿಂದಲೇ ಈ ಶಾಖೆ ಬೆಳೆಯಿತು. ಆಮೇಲೆ ಸಲ್ಫೇಟ್ ಲೇಪಿತ ಜಿರ್ಕೋನಿಯಾ, ಟೈಟಾನಿಯಂ ಆಕ್ಸಿಹೈಡ್ರಾಕ್ಸೈಡ್, ಬಗೆಬಗೆಯ ಮಿಶ್ರ ಆಕ್ಸೈಡ್‌ಗಳು ಬಂದವು. ಒಂದು ತಕರಾರನ್ನು ಇಲ್ಲೇ ಹೇಳಬೇಕು. ಪಿಎಚ್ 9ರ ಆಸುಪಾಸಿನ ಅಮೈನ್‌ನಲ್ಲಿ ಮುಳುಗಿದ ಪ್ರಬಲ ಆಮ್ಲ ತಾಣ ಪ್ರಬಲ ಆಮ್ಲವಾಗಿ ಉಳಿಯುವುದಿಲ್ಲ, ಮೊದಲ ಕ್ಷಣದಲ್ಲೇ ಅಮೈನ್ ಅದನ್ನು ತಟಸ್ಥಗೊಳಿಸುತ್ತದೆ. ಒಣ ಸ್ಥಿತಿಯಲ್ಲಿ ಅಮೋನಿಯಾ ಬಳಸಿ ಅಳೆದ ಆಮ್ಲತೆಯನ್ನು ತೋರಿಸಿ "ಇದರಲ್ಲಿ ಆಮ್ಲ ತಾಣ ಹೆಚ್ಚು, ಹಾಗಾಗಿ ಕೆಲಸವೂ ಹೆಚ್ಚು" ಎನ್ನುವ ವಾದ ಅಷ್ಟೇನೂ ಗಟ್ಟಿಯಲ್ಲ.

ಅಳತೆಯ ವಿಷಯಕ್ಕೆ ಬರೋಣ. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಏಕೆಂದರೆ ಪ್ರಕಟವಾದ ಉಳಿತಾಯದ ದೊಡ್ಡ ಭಾಗ ಹುಟ್ಟುವುದು ಇಲ್ಲಿ. ಸಾಮಾನ್ಯ ಪ್ರಯೋಗ ಹೀಗಿರುತ್ತದೆ. 5 ಮೋಲಾರ್ ಎಂಇಎ ದ್ರಾವಣ, ಹೆಚ್ಚೆಂದರೆ ಒಂದು ಲೀಟರ್. ಅದಕ್ಕೆ ಇಂಗಾಲದ ಡೈಆಕ್ಸೈಡ್ ಹಾಯಿಸಿ ಮೋಲಿಗೆ 0.5 ಮೋಲ್ ತುಂಬಿಸುತ್ತಾರೆ. ಮೂರು ಬಾಯಿಯ ಫ್ಲಾಸ್ಕಿಗೆ ಹಾಕಿ, ಹತ್ತಾರು ಗ್ರಾಂ ವೇಗವರ್ಧಕದ ಪುಡಿ ಸೇರಿಸಿ, ಎಣ್ಣೆಯ ಪಾತ್ರೆಯಲ್ಲಿಟ್ಟು ಕಲಕುತ್ತಾ 90ರಿಂದ 98 ಡಿಗ್ರಿಗೆ ಒಯ್ಯುತ್ತಾರೆ. ಮೇಲೊಂದು ಕಂಡೆನ್ಸರ್. ಆಗಾಗ ಮಾದರಿ ತೆಗೆದು, ಹೈಡ್ರೋಕ್ಲೋರಿಕ್ ಆಮ್ಲ ಬೆರೆಸಿ, ಹೊರಬಂದ ಅನಿಲದ ಗಾತ್ರ ಅಳೆದು ಎಷ್ಟು ಉಳಿದಿದೆ ಎಂದು ಕಂಡುಹಿಡಿಯುತ್ತಾರೆ. ಹೀಟರಿಗೆ ಹೋದ ವಿದ್ಯುತ್ತನ್ನು ಮೀಟರಿನಲ್ಲಿ ಓದಿ, ಹೊರಬಂದ ಅನಿಲದಿಂದ ಭಾಗಿಸುತ್ತಾರೆ. ಪುಡಿ ಹಾಕದ ಪ್ರಯೋಗವನ್ನು 100 ಎಂದಿಟ್ಟುಕೊಂಡು ಹೋಲಿಸುತ್ತಾರೆ.

ತೊಂದರೆ ಇದು. ಎಣ್ಣೆಯ ಪಾತ್ರೆಗೆ ಹೋಗುವ ವಿದ್ಯುತ್ತಿನ ಬಹುಭಾಗ ಕೋಣೆಯ ಗಾಳಿಗೆ ಸೋರುತ್ತದೆ. ಆ ಸೋರಿಕೆ ಗಂಟೆಗೆ ಇಷ್ಟು ಎಂದು ಸ್ಥಿರ, ಪುಡಿ ಇದ್ದರೂ ಇಲ್ಲದಿದ್ದರೂ ಒಂದೇ. ಒಂದು ಗಂಟೆಯ ನಂತರ ಪುಡಿ ಇರುವ ಫ್ಲಾಸ್ಕ್ ಶೇ 30ರಷ್ಟು ಹೆಚ್ಚು ಅನಿಲ ಬಿಟ್ಟಿದೆ ಎನ್ನಿ. ಅಂಶ ಹೆಚ್ಚುಕಡಿಮೆ ಅದೇ, ಛೇದ 1.3 ಪಟ್ಟು. ಉತ್ತರ 77 ಬರುತ್ತದೆ, ತಕ್ಷಣ "ಶೇ 23 ಶಕ್ತಿ ಉಳಿತಾಯ" ಎಂದು ಬರೆದಾಗುತ್ತದೆ. ನಿಜದಲ್ಲಿ ಅಳೆದದ್ದು ವೇಗವನ್ನು, ಅದಕ್ಕೆ ಕೊಟ್ಟ ಹೆಸರು ಮಾತ್ರ ಶಕ್ತಿ. ಇದೂ ಸಾಲದೆಂಬಂತೆ, ಈ ತಾಪದಲ್ಲಿ ದ್ರಾವಣ ಪೂರ್ತಿ ಕುದಿಯುವುದಿಲ್ಲ. ಎಂದರೆ ನಮ್ಮ ಲೆಕ್ಕದ ಮೂರನೇ ಪಾಲು, ಆ 1.2 ಗೀಗಾಜೂಲ್ ಹಬೆ, ಪ್ರಯೋಗದಲ್ಲಿ ಸರಿಯಾಗಿ ಕಾಣಿಸಿಕೊಳ್ಳುವುದೇ ಇಲ್ಲ.

ಇನ್ನೊಂದು ಬಲೆ ಗುಳ್ಳೆಗಳದ್ದು. ಸೋಡಾಗೆ ಚಿಟಿಕೆ ಉಪ್ಪು ಹಾಕಿದರೆ ಭುಸ್ಸೆಂದು ಉಕ್ಕುತ್ತದೆ. ಉಪ್ಪು ಅಲ್ಲಿ ವೇಗವರ್ಧಕವಲ್ಲ, ಒರಟು ಕಣಗಳ ಮೇಲೆ ಗುಳ್ಳೆ ಹುಟ್ಟುವುದು ಸುಲಭ ಎನ್ನುವುದೇ ಕಾರಣ. ಅಮೈನ್ ಫ್ಲಾಸ್ಕಿನಲ್ಲೂ ಅದೇ ಆಗುತ್ತದೆ. ಹಾಗಾಗಿ ಬರೀ ದ್ರಾವಣದ ಜೊತೆ ಹೋಲಿಸಿದರೆ ಸಾಲದು. ಅದೇ ಗಾತ್ರದ, ಅದೇ ತೂಕದ ಜಡ ಪುಡಿ, ಉದಾಹರಣೆಗೆ ಸ್ಫಟಿಕ ಮರಳು ಅಥವಾ ಆಲ್ಫಾ ಅಲ್ಯೂಮಿನಾ ಹಾಕಿದ ಮೂರನೇ ಪ್ರಯೋಗ ಇರಲೇಬೇಕು. ಅದಿಲ್ಲದ ಫಲಿತಾಂಶವನ್ನು ನಾನಂತೂ ಪಕ್ಕಕ್ಕಿಡುತ್ತೇನೆ.

ಶೇಕಡಾವಾರು ಸಂಖ್ಯೆಗಳನ್ನು ಓದುವಾಗಲೂ ಎಚ್ಚರ ಬೇಕು. 2018ರಲ್ಲಿ ಟೈಟಾನಿಯಂ ಆಕ್ಸಿಹೈಡ್ರಾಕ್ಸೈಡಿನ ಬಗ್ಗೆ ಬಂದ ಲೇಖನವೊಂದು ಬಿಡುಗಡೆಯ ವೇಗ ಶೇ 4500ಕ್ಕಿಂತ ಹೆಚ್ಚಾಯಿತು ಎಂದಿತು. ಕ್ರಿಯೆ ತೀರಾ ನಿಧಾನವಾಗಿರುವ ತಾಪದಲ್ಲಿ ಇಂಥ ಗುಣಕ ಬರುವುದು ಅಸಾಧ್ಯವೇನಲ್ಲ, ಮೂಲ ಸಂಖ್ಯೆ ಸೊನ್ನೆಗೆ ಹತ್ತಿರವಿದ್ದರೆ ಅನುಪಾತ ಆಕಾಶಕ್ಕೇರುತ್ತದೆ. ಆದರೆ ವೇಗ 45 ಪಟ್ಟಾದರೆ ಶಾಖ 45ರಲ್ಲೊಂದು ಪಾಲಾಗುವುದಿಲ್ಲ.

ನಂಬಬಹುದಾದ ಅಳತೆಗೆ ನಿರಂತರವಾಗಿ ಓಡುವ ಪುಟ್ಟ ಘಟಕವೇ ಬೇಕು. ಅಬ್ಸಾರ್ಬರ್, ಸ್ಟ್ರಿಪ್ಪರ್, ವಿನಿಮಯಕ ಎಲ್ಲ ಇರಬೇಕು. ವೇಗವರ್ಧಕ ಇದ್ದಾಗಲೂ ಇಲ್ಲದಾಗಲೂ ಹೊಗೆಯಲ್ಲಿರುವ ಇಂಗಾಲದ ಡೈಆಕ್ಸೈಡಿನ ಶೇ 90ನ್ನು ಹಿಡಿಯುವಂತೆ ಕಟ್ಟಿಹಾಕಬೇಕು. ಅನಿಲವಿಲ್ಲದೆ ಓಡಿಸಿ ಗೋಡೆಯಿಂದ ಸೋರುವ ಶಾಖವನ್ನು ಮೊದಲೇ ಅಳೆದು ಕಳೆಯಬೇಕು. ತಾಪ ಮತ್ತು ದ್ರಾವಣದ ಭರ್ತಿ (ಅದು ಹೊತ್ತ ಅನಿಲದ ಪ್ರಮಾಣ) ಎರಡೂ ಕೆಲವು ಗಂಟೆ ಅಲುಗದೆ ನಿಂತ ಮೇಲೆ ಅಂಕಿ ಬರೆದುಕೊಳ್ಳಬೇಕು. ಕಂಡೆನ್ಸರಿನಲ್ಲಿ ಇಳಿದ ನೀರನ್ನೂ ತೂಗಬೇಕು, ಮೂರನೇ ಪಾಲು ಗೊತ್ತಾಗುವುದು ಅದರಿಂದಲೇ.

ಹೀಗೆ ಅಳೆದಾಗ ಏನಾಗುತ್ತದೆ? 120 ಡಿಗ್ರಿಯ ಸ್ಟ್ರಿಪ್ಪರಿನಲ್ಲಿ ಎಂಇಎಯ ಕ್ರಿಯೆ ತಾನಾಗಿಯೇ ವೇಗವಾಗಿದೆ, ರೀಬಾಯ್ಲರಿನಿಂದ ಹೊರಬರುವ ಹೊತ್ತಿಗೆ ದ್ರಾವಣ ಸಮತೋಲನದ ಹತ್ತಿರವಿರುತ್ತದೆ. ಅಲ್ಲಿ ವೇಗವರ್ಧಕಕ್ಕೆ ಮಾಡಲು ಹೆಚ್ಚೇನೂ ಉಳಿದಿಲ್ಲ. 95, 100 ಡಿಗ್ರಿಗೆ ಇಳಿಸಿದರೆ ಕ್ರಿಯೆ ನಿಧಾನವಾಗುತ್ತದೆ, ವೇಗವರ್ಧಕ ಬೇಕಾಗುತ್ತದೆ. ಕಡಿಮೆ ತಾಪದ ಶಾಖ ಅಗ್ಗ ಎನ್ನುವುದು ಇದರ ಆಕರ್ಷಣೆ. ಆದರೆ ಇನ್ನೊಂದು ಲೆಕ್ಕ ಮಾಡಿ. 120ರಿಂದ 100 ಡಿಗ್ರಿಗೆ ಬಂದರೆ, ಅದೇ ಭರ್ತಿಯಲ್ಲಿ ಎಂಇಎ ಮೇಲಿನ ಇಂಗಾಲದ ಡೈಆಕ್ಸೈಡಿನ ಒತ್ತಡ ಸರಿಸುಮಾರು ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ, ಏಕೆಂದರೆ ಅದರ ಶಾಖ ಮೋಲಿಗೆ 85 ಕಿಲೋಜೂಲ್. ನೀರಿನದು 41ರಷ್ಟು ಮಾತ್ರ, ಅದರ ಒತ್ತಡ ಅರ್ಧಕ್ಕೆ ಇಳಿಯುತ್ತದೆ. ಪರಿಣಾಮ, ಒಂದು ಮೋಲ್ ಅನಿಲದ ಜೊತೆ ಹೋಗುವ ಹಬೆ ಎರಡು ಪಟ್ಟಾಗುತ್ತದೆ. 1.2 ಇದ್ದದ್ದು 2.4 ಆಗಿ, ಒಟ್ಟು 3.7 ಇದ್ದದ್ದು 4.9 ಗೀಗಾಜೂಲಿಗೆ ಏರುತ್ತದೆ. ಕಡಿಮೆ ತಾಪದ ಹಬೆಯಿಂದ ಟರ್ಬೈನ್ ಮಾಡಬಹುದಾಗಿದ್ದ ಕೆಲಸವೂ ಕಡಿಮೆ ಎನ್ನುವುದನ್ನು ಸೇರಿಸಿ, ತಂಪಿನ ತುದಿ 40 ಡಿಗ್ರಿ, ಹಬೆ ದ್ರಾವಣಕ್ಕಿಂತ 15 ಡಿಗ್ರಿ ಮೇಲೆ, ಟರ್ಬೈನಿನ ದಕ್ಷತೆ ಶೇ 75 ಎಂದಿಟ್ಟುಕೊಂಡರೆ, ಕಳೆದುಹೋಗುವ ವಿದ್ಯುತ್ ಮೊದಲ ಸ್ಥಿತಿಯಲ್ಲಿ ಟನ್ನಿಗೆ 0.65 ಗೀಗಾಜೂಲ್, ಎರಡನೆಯದರಲ್ಲಿ 0.71. ತಾಪ ಇಳಿಸಿ ನಷ್ಟವೇ ಆಯಿತು! ಒತ್ತಡ ಇಳಿದದ್ದರಿಂದ ಕಂಪ್ರೆಸರಿಗೆ ಬೀಳುವ ಹೆಚ್ಚಿನ ಹೊರೆಯನ್ನು ಇನ್ನೂ ಸೇರಿಸಿಲ್ಲ.

ಇದು ಸ್ಥೂಲ ಲೆಕ್ಕ, ಆದರೆ ದಿಕ್ಕು ತೋರಿಸುತ್ತದೆ. ಬರೀ ಎಂಇಎಗೆ ವೇಗವರ್ಧಕ ಹಾಕಿ ತಾಪ ಇಳಿಸುವುದು, ಬೇರೆ ಯಾವ ಉಪಯೋಗಕ್ಕೂ ಬಾರದ ಬಿಸಿನೀರು ಕೈಯಲ್ಲಿರುವ ಕಾರ್ಖಾನೆಗೆ ಮಾತ್ರ ಲಾಭ. ಟರ್ಬೈನಿನಿಂದ ಹಬೆ ಕದಿಯುವವರಿಗಲ್ಲ. ಅದೇ ಲೆಕ್ಕವನ್ನು ಮೋಲಿಗೆ 58 ಕಿಲೋಜೂಲ್ ಶಾಖದ ಮೀಥೈಲ್‌ಡೈಎಥನಾಲ್‌ಅಮೈನಿಗೆ, ಅಂದರೆ ಎಂಡಿಇಎಗೆ ಹಾಕಿ ನೋಡಿ. ಹಬೆಯ ಪಾಲು ಎರಡು ಪಟ್ಟಲ್ಲ, 1.3 ಪಟ್ಟು ಮಾತ್ರ ಏರುತ್ತದೆ. ಕ್ರಿಯೆಯ ಶಾಖವೂ ಟನ್ನಿಗೆ 1.9ರ ಬದಲು 1.3 ಗೀಗಾಜೂಲ್. ಹಾಗಾದರೆ ಎಲ್ಲರೂ ಅದನ್ನೇ ಏಕೆ ಬಳಸುವುದಿಲ್ಲ? ಅದು ಹೀರುವುದು ತೀರಾ ನಿಧಾನ. 25 ಡಿಗ್ರಿಯಲ್ಲಿ ಎಂಇಎಯ ವೇಗ ಸ್ಥಿರಾಂಕ 6000ದ ಆಚೆ ಇದ್ದರೆ ಇದರದ್ದು 5ರ ಆಸುಪಾಸು. ನನ್ನ ದೃಷ್ಟಿಯಲ್ಲಿ ವೇಗವರ್ಧಕಕ್ಕೆ ನಿಜವಾದ ಕೆಲಸ ಇರುವುದು ಈ ಜಾಗದಲ್ಲಿ. ಸ್ಟ್ರಿಪ್ಪರಿನಲ್ಲಿ ಅಲ್ಲ, ಅಬ್ಸಾರ್ಬರಿನಲ್ಲಿ. ಕಡಿಮೆ ಶಾಖದ, ಆದರೆ ನಿಧಾನಗತಿಯ ದ್ರಾವಣವನ್ನು ಬಳಸುವಂತೆ ಮಾಡುವುದೇ ಅದರ ದೊಡ್ಡ ಉಪಕಾರ.

ಪ್ರಕೃತಿ ಈ ಸಮಸ್ಯೆಯನ್ನು ಬಿಡಿಸಿ ಬಹಳ ಕಾಲವಾಗಿದೆ. ನಮ್ಮ ಕೆಂಪು ರಕ್ತಕಣಗಳಲ್ಲಿ ಕಾರ್ಬೊನಿಕ್ ಆನ್‌ಹೈಡ್ರೇಸ್ ಎಂಬ ಕಿಣ್ವ ಇದೆ. 1933ರಲ್ಲಿ ಕೇಂಬ್ರಿಜ್‌ನ ಮೆಲ್ಡ್ರಂ ಮತ್ತು ರಫ್ಟನ್ ಇದನ್ನು ಪ್ರತ್ಯೇಕಿಸಿದರು. ಅದರ ನಡುವಿನ ಸತು ಅಯಾನಿಗೆ ಅಂಟಿದ ಹೈಡ್ರಾಕ್ಸೈಡ್, ಇಂಗಾಲದ ಡೈಆಕ್ಸೈಡಿನ ಮೇಲೆ ಎರಗಿ ಬೈಕಾರ್ಬೊನೇಟ್ ಮಾಡುತ್ತದೆ. ವೇಗದ ರೂಪಗಳಲ್ಲಿ ಒಂದು ಕಿಣ್ವದ ಅಣು ಸೆಕೆಂಡಿಗೆ ಸುಮಾರು ಹತ್ತು ಲಕ್ಷ ಅಣುಗಳನ್ನು ಬದಲಿಸಬಲ್ಲದು. ನೀರು ಮಾತ್ರ ಇದ್ದರೆ ಈ ಕ್ರಿಯೆಯ ಸ್ಥಿರಾಂಕ ಸೆಕೆಂಡಿಗೆ 0.04ಕ್ಕಿಂತಲೂ ಕಡಿಮೆ.

ಆದರೆ ಕಿಣ್ವದ ವೇಗವೆಲ್ಲ ಗೋಪುರಕ್ಕೆ ಸಿಗುವುದಿಲ್ಲ. ದ್ರವದ ಮೇಲ್ಮೈಯಲ್ಲಿ ಹತ್ತು ಹದಿನೈದು ಮೈಕ್ರಾನ್ ದಪ್ಪದ ಪದರವಿದೆ, ಅನಿಲದ ಹಣೆಬರಹ ನಿರ್ಧಾರವಾಗುವುದು ಅದರೊಳಗೆ. ಅಲ್ಲಿ ಹೀರಿಕೆಯ ದರ ಕ್ರಿಯೆಯ ವೇಗದ ವರ್ಗಮೂಲಕ್ಕೆ ಅನುಗುಣ. ಕ್ರಿಯೆ 100 ಪಟ್ಟು ವೇಗವಾದರೆ ಹೀರಿಕೆ 10 ಪಟ್ಟು, ಅದೂ ಅನಿಲದ ಕಡೆಯ ತಡೆ ಅಡ್ಡಬರುವವರೆಗೆ. ಆದ್ದರಿಂದ ಕಿಣ್ವವನ್ನು ಮಿಲಿಮೀಟರ್ ಗಾತ್ರದ ಮಣಿಗಳಲ್ಲಿ ಕೂಡಿಸಿ ದ್ರಾವಣದಲ್ಲಿ ತೇಲಿಸಿದರೆ ಏನೂ ಪ್ರಯೋಜನವಿಲ್ಲ, ಮಣಿ ಇರುವುದು ಪದರದ ಆಚೆ. ಒಂದೋ ಕಿಣ್ವ ಕರಗಿರಬೇಕು, ಇಲ್ಲವೇ ಕಣ ಪದರಕ್ಕಿಂತ ಚಿಕ್ಕದಿರಬೇಕು, ಇಲ್ಲವೇ ಗೋಪುರದೊಳಗೆ ಜೋಡಿಸಿದ ಪ್ಯಾಕಿಂಗಿನ ಲೋಹದ ಹಾಳೆಯ ಮೇಲೇ ಲೇಪಿಸಿ ದ್ರಾವಣ ಅದರ ಮೇಲೆ ತೆಳುವಾಗಿ ಹರಿಯುವಂತೆ ಮಾಡಬೇಕು. ಬೈಕಾರ್ಬೊನೇಟ್ ಹೆಚ್ಚಿದಂತೆ ಅದೇ ಸತುವಿಗೆ ಅಂಟಿ ದಾರಿ ಕಟ್ಟುವುದೂ ಉಂಟು, ಹಾಗಾಗಿ ಗೋಪುರದ ತಳಭಾಗದಲ್ಲಿ ಲಾಭ ಕಡಿಮೆ.

ಕಿಣ್ವದ ಶತ್ರು ಬಿಸಿ. ಕರಗಿದ ಕಿಣ್ವ ಪ್ರತಿ ಸುತ್ತಿನಲ್ಲೂ ಸ್ಟ್ರಿಪ್ಪರಿಗೆ ಹೋಗಿ ಬರಬೇಕು, 120 ಡಿಗ್ರಿಯಲ್ಲಿ ಸಾಮಾನ್ಯ ಪ್ರೋಟೀನ್ ಉಳಿಯುವುದಿಲ್ಲ. 2014ರಲ್ಲಿ ಕೋಡೆಕ್ಸಿಸ್ ಸಂಸ್ಥೆಯ ಸಂಶೋಧಕರು ಒಂದು ಬ್ಯಾಕ್ಟೀರಿಯಾದ ಕಿಣ್ವವನ್ನು ಹಂತಹಂತವಾಗಿ ಮಾರ್ಪಡಿಸಿ, 4.2 ಮೋಲಾರ್ ಎಂಡಿಇಎಯಲ್ಲಿ 107 ಡಿಗ್ರಿಯವರೆಗೆ ತಾಳುವ ರೂಪವನ್ನು ವರದಿ ಮಾಡಿದರು. ಇನ್ನೊಂದು ದಾರಿ ಹಿಡಿದದ್ದು ಕೆನಡಾದ ಕ್ವಿಬೆಕ್‌ನ ಸಿಒ2 ಸಲ್ಯೂಷನ್ಸ್ ಕಂಪನಿ. ಪೊಟ್ಯಾಸಿಯಂ ಕಾರ್ಬೊನೇಟ್ ದ್ರಾವಣದಲ್ಲಿ ಕಿಣ್ವ ಬೆರೆಸಿ, ಬಿಡುಗಡೆಗೆ ಹಬೆಯ ಬದಲು ಕಾರ್ಖಾನೆಯ ಬಿಸಿನೀರನ್ನೇ ಬಳಸಿತು. 2019ರಲ್ಲಿ ಸೇಂಟ್ ಫೆಲಿಸಿಯನ್‌ನ ಕಾಗದದ ತಿರುಳಿನ ಕಾರ್ಖಾನೆಯಲ್ಲಿ ದಿನಕ್ಕೆ 30 ಟನ್ ಸಾಮರ್ಥ್ಯದ ಘಟಕ ಕೂಡಿಸಿತು. ಆ ತಂತ್ರಜ್ಞಾನ 2020ರಲ್ಲಿ ಇಟಲಿಯ ಎಂಜಿನಿಯರಿಂಗ್ ಕಂಪನಿ ಸೈಪೆಮ್ ಪಾಲಾಯಿತು. ಸತುವನ್ನು ಸೈಕ್ಲೆನ್ ಎಂಬ ಪುಟ್ಟ ಉಂಗುರದಲ್ಲಿ ಹಿಡಿದಿಟ್ಟು ಕಿಣ್ವವನ್ನು ಅನುಕರಿಸುವ ಪ್ರಯತ್ನ ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದಲ್ಲಿ ನಡೆಯಿತು. ಬಿಸಿಯನ್ನು ಅದು ತಾಳುತ್ತದೆ, ಆದರೆ ಕಿಣ್ವದ ವೇಗಕ್ಕೆ ತುಂಬಾ ಹಿಂದೆ.

ಕಾರ್ಬೊನೇಟಿಗೆ ಈ ಬಗೆಯ ನೆರವು ಹೊಸದೇನಲ್ಲ. ಕಾರ್ಬೊನೇಟ್ ದ್ರಾವಣದಿಂದ ಇಂಗಾಲದ ಡೈಆಕ್ಸೈಡ್ ಹೀರುವ ಜಿಯಾಮಾರ್ಕೊ ವೆಟ್ರೊಕೋಕ್ ಪ್ರಕ್ರಿಯೆಯಲ್ಲಿ ಹಿಂದೆ ಆರ್ಸೆನಿಕ್ ಆಕ್ಸೈಡ್ ಇದೇ ಕೆಲಸ ಮಾಡುತ್ತಿತ್ತು. ಕೆಲಸ ಚೆನ್ನಾಗಿಯೇ ಆಗುತ್ತಿತ್ತು, ವಿಷವೆಂದು ಕೈಬಿಡಬೇಕಾಯಿತು. ಕಾರ್ಬೊನೇಟಿನ ಕ್ರಿಯಾ ಶಾಖ ಟನ್ನಿಗೆ ಬರೀ 0.6 ಗೀಗಾಜೂಲ್ ಎಂದು ಕೇಳಿ ಹಿಗ್ಗಬೇಡಿ. ಮೋಲಿನ ಲೆಕ್ಕದಲ್ಲಿ ಅದು ನೀರಿನ ಗುಪ್ತೋಷ್ಣಕ್ಕಿಂತಲೂ ಕಡಿಮೆ, ಹಾಗಾಗಿ ತಾಪ ಏರಿಸಿದರೆ ಅನಿಲಕ್ಕಿಂತ ಹಬೆಯೇ ಹೆಚ್ಚು ಏರುತ್ತದೆ. ಆದ್ದರಿಂದ ಕಿಣ್ವ ಬೆರೆಸಿದ ಕಾರ್ಬೊನೇಟನ್ನು 70, 80 ಡಿಗ್ರಿಯಲ್ಲಿ ನಿರ್ವಾತ ಎಳೆದು ಬಿಡಿಸುತ್ತಾರೆ. ನಿರ್ವಾತವೆಂದರೆ ಗೋಪುರದ ವ್ಯಾಸ ದೊಡ್ಡದು, ಕೊಳವೆಗಳನ್ನು ಜೋಡಿಸುವ ಫ್ಲ್ಯಾಂಜ್‌ಗಳಲ್ಲಿ ಗಾಳಿ ಒಳನುಸುಳಿ ಉತ್ಪನ್ನದಲ್ಲಿ ಆಮ್ಲಜನಕ ಸೇರುವ ಭಯ, ಪಂಪಿಗೆ ವಿದ್ಯುತ್ತಿನ ಖರ್ಚು. ದ್ರಾವಣ ತಣ್ಣಗಾದರೆ ಬೈಕಾರ್ಬೊನೇಟ್ ಹರಳುಗಟ್ಟಿ ಕೊಳವೆ ಕಟ್ಟುತ್ತದೆ, ಘಟಕ ನಿಲ್ಲಿಸುವಾಗ ಇದನ್ನು ಮರೆಯುವಂತಿಲ್ಲ.

ಘನ ವೇಗವರ್ಧಕವನ್ನೇ ಆರಿಸಿಕೊಂಡವರು ಅದನ್ನು ಗೋಪುರದಲ್ಲಿ ಕೂಡಿಸುವುದು ಹೇಗೆಂದು ಮೊದಲೇ ಯೋಚಿಸಬೇಕು. ಪುಡಿಯಾಗಿ ತೇಲಿಸಿದರೆ ಪ್ಲೇಟ್ ಶಾಖ ವಿನಿಮಯಕದ ಕೆಲವೇ ಮಿಲಿಮೀಟರಿನ ಸಂದುಗಳಲ್ಲಿ ಕೂರುತ್ತದೆ, ಪಂಪಿನ ಸೀಲನ್ನು ಸವೆಸುತ್ತದೆ, ನೊರೆಯನ್ನು ಗಟ್ಟಿಮಾಡುತ್ತದೆ. ನ್ಯಾನೋ ಕಣಗಳಾದರೆ ಸಾಮಾನ್ಯ ಫಿಲ್ಟರ್ ತಡೆಯುವುದೇ ಇಲ್ಲ. ಮೂರರಿಂದ ಐದು ಮಿಲಿಮೀಟರಿನ ಗುಳಿಗೆಗಳನ್ನು ತುಂಬಿದರೆ ನಡುವಿನ ಜಾಗ ಸಾಲದೆ ಮೇಲೇರುವ ಹಬೆ ದ್ರವವನ್ನು ತಡೆಹಿಡಿದು ಗೋಪುರ ತುಂಬಿಬರುತ್ತದೆ. ಉಳಿಯುವುದು ಪ್ಯಾಕಿಂಗಿನ ಹಾಳೆಯ ಮೇಲೆ ತೆಳು ಲೇಪನ. ಅದು ಬಿಸಿ ಅಮೈನಿನಲ್ಲಿ ಸಾವಿರಾರು ಗಂಟೆ ಕಳಚದೆ ನಿಲ್ಲಬೇಕು.

ಕರಗುವಿಕೆ ಇದಕ್ಕಿಂತ ಗಂಭೀರ. ಸಲ್ಫೇಟ್ ಲೇಪಿತ ಜಿರ್ಕೋನಿಯಾದ ಸಲ್ಫೇಟ್ ಅಮೈನಿಗೆ ಇಳಿದರೆ ಶಾಖಕ್ಕೂ ಬಿಡದ ಲವಣವಾಗಿ, ಅಷ್ಟು ಅಮೈನ್ ಶಾಶ್ವತವಾಗಿ ಕೈತಪ್ಪುತ್ತದೆ. ಜಿಯೋಲೈಟಿನ ಸಿಲಿಕಾ ಬಿಸಿ ಪ್ರತ್ಯಾಮ್ಲದಲ್ಲಿ ನಿಧಾನವಾಗಿ ಕರಗುತ್ತದೆ. ಕಬ್ಬಿಣ, ತಾಮ್ರ, ವೆನೇಡಿಯಂ ಇರುವ ವೇಗವರ್ಧಕಗಳ ವಿಷಯದಲ್ಲಂತೂ ನನಗೆ ದೊಡ್ಡ ಆತಂಕವಿದೆ. ಆ ಲೋಹಗಳ ಅಯಾನುಗಳು ಅತ್ಯಲ್ಪ ಪ್ರಮಾಣದಲ್ಲಿ ದ್ರಾವಣಕ್ಕೆ ಸೇರಿದರೂ, ಹೊಗೆಯಲ್ಲಿರುವ ಆಮ್ಲಜನಕದ ಜೊತೆ ಸೇರಿ ಅಮೈನನ್ನೇ ಕೆಡಿಸುವ ಕ್ರಿಯೆಗೆ ವೇಗವರ್ಧಕವಾಗುತ್ತವೆ. ಹಿಡಿದ ಪ್ರತಿ ಟನ್ನಿಗೆ ಒಂದೂವರೆ ಕಿಲೋ ಎಂಇಎ ಕೆಡುವುದು ಈಗಾಗಲೇ ಇರುವ ನಷ್ಟ. ಇದರ ಮೇಲೆ ಇನ್ನಷ್ಟು ಸೇರಿದರೆ ಉಳಿಸಿದ ಹಬೆಯ ಹಣ ಅಮೈನಿಗೆ ಹೋಗುತ್ತದೆ, ಅಮೋನಿಯಾ ಚಿಮಣಿಯಿಂದ ಹೊರಬೀಳುತ್ತದೆ. ಐದು ಹತ್ತು ಸಲ ತೊಳೆದು, ಪ್ರತಿ ಸಲ ಹೊಸ ದ್ರಾವಣ ಹಾಕಿ ಪರೀಕ್ಷಿಸಿದರೆ ಇದು ಯಾವುದೂ ಕಾಣಿಸದು. ಅದೇ ದ್ರಾವಣವನ್ನು ಆಮ್ಲಜನಕ ಮತ್ತು ಗಂಧಕದ ಡೈಆಕ್ಸೈಡ್ ಇರುವ ಹೊಗೆಯಲ್ಲಿ ಕನಿಷ್ಠ ಸಾವಿರ ಗಂಟೆ ಓಡಿಸಿ, ಪ್ರತಿ ವಾರ ಮಾದರಿ ತೆಗೆದು ಕರಗಿದ ಲೋಹ, ಸಿಲಿಕಾನ್, ಶಾಖಕ್ಕೆ ಬಿಡದ ಲವಣ, ಅಬ್ಸಾರ್ಬರಿನ ತುದಿಯ ಅಮೋನಿಯಾ, ಈ ನಾಲ್ಕನ್ನೂ ಅಳೆಯಬೇಕು. ಅಮೋನಿಯಾದ ಸಾಲು ಮೇಲೇರುತ್ತಿದ್ದರೆ, ಬಿಡುಗಡೆಯ ವೇಗ ಎಷ್ಟೇ ಚೆನ್ನಾಗಿರಲಿ, ಆ ವೇಗವರ್ಧಕವನ್ನು ಗೋಪುರದಿಂದ ತೆಗೆಯಿರಿ.